ಮೂರನೆಯ ಸುತ್ತಿನ ರಾಗ

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದರೆ, ಟಿವಿಗಳಿಗೆ ದೊಡ್ಡ ಬೆನ್ನಿದ್ದ ಕಾಲ ಅದು. ಆ ರಾಜ್ಯ ಒಂದು ಬೂದುಬಣ್ಣದ ವಿಡಿಯೋ ಗೇಮ್ ಕ್ಯಾಸೆಟ್ಟಿನೊಳಗಿತ್ತು. ಅಲ್ಲಿ ಊರಿಗೊಂದು ರಾಗ, ಕಾಡಿಗೊಂದು ರಾಗ, ಕೋಟೆಗೊಂದು ರಾಗ. ನುಡಿಸುವವರು ಯಾರೂ ಕಾಣುತ್ತಿರಲಿಲ್ಲ, ರಾಗ ಮಾತ್ರ ಗಾಳಿಯಲ್ಲಿ ಸುತ್ತುತ್ತಲೇ ಇರುತ್ತಿತ್ತು. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರು.

ಅಲ್ಲಿಯ ಪದ್ಧತಿಗಳೂ ವಿಚಿತ್ರ. ವೀರನಾದವನು ಯಾರ ಮನೆಗಾದರೂ ನುಗ್ಗಿ, ಪೆಟ್ಟಿಗೆ ತೆರೆದು, ಕೈಗೆ ಸಿಕ್ಕಿದ್ದನ್ನು ಒಯ್ಯಬಹುದು. ಮನೆಯವರು ಚಕಾರ ಎತ್ತುವಂತಿಲ್ಲ. ಯುದ್ಧವೂ ಪಾಳಿಯ ಪ್ರಕಾರ. ನಿನ್ನದೊಂದು ಏಟು, ಆಮೇಲೆ ರಾಕ್ಷಸನದೊಂದು ಏಟು. ನಿನ್ನ ಪಾಳಿ ಬಂದಾಗ ನೀನು ಎದ್ದುಹೋಗಿ ಊಟ ಮುಗಿಸಿ ಬಂದರೂ ರಾಕ್ಷಸ ಬಾಯಿ ತೆರೆದುಕೊಂಡು ಕಾಯುತ್ತಿರುತ್ತಾನೆ. ಅಷ್ಟು ಮರ್ಯಾದಸ್ಥ ರಾಕ್ಷಸರು ಈಗೆಲ್ಲಿ ಸಿಗುತ್ತಾರೆ ಹೇಳಿ.

ರಾಣೆಬೆನ್ನೂರಿನ ಕಸ್ತೂರಿ ಮತ್ತು ಅವಳ ತಮ್ಮ ಈರೇಶ ಎರಡು ಬೇಸಿಗೆ ರಜೆಗಳನ್ನು ಪೂರಾ ಆ ರಾಜ್ಯದಲ್ಲೇ ಕಳೆದಿದ್ದರು. ಆಮೇಲೆ ಎಲ್ಲರಂತೆ ದೊಡ್ಡವರಾದರು. ಕಸ್ತೂರಿ ಅಂಚೆ ಕಚೇರಿ ಸೇರಿದಳು, ಈರೇಶ ಔಷಧಿ ಅಂಗಡಿಗಳಿಗೆ ಮಾತ್ರೆ ತಲುಪಿಸುವ ವ್ಯಾನು ಓಡಿಸಿದ. ನಲವತ್ತರ ಹತ್ತಿರ ಬಂದಾಗ ಅವನಿಗೆ ಇದ್ದಕ್ಕಿದ್ದಂತೆ ಹಳೆಯ ರಾಗಗಳ ಹುಚ್ಚು ಹಿಡಿಯಿತು. ಎಲ್ಲಿಂದಲೋ ಹಳೇ ಟಿವಿ, ಹಳೇ ಯಂತ್ರ ತಂದ. ಅವ್ವನ ಟ್ರಂಕಿನ ತಳದಿಂದ ಆ ಕ್ಯಾಸೆಟ್ಟನ್ನೂ ತೆಗೆದ.

"ಅಕ್ಕಾ, ಆ ಊರಿನ ರಾಗ ಕೇಳಿದ್ರ ಎದಿ ಹಗುರ ಆಗತೈತಿ. ಎದ್ದು ಹೋಗಾಕ ಮನಸ್ಸ ಬರೂದಿಲ್ಲ" ಎಂದು ಫೋನಿನಲ್ಲಿ ಹೇಳಿದ. ಆಮೇಲೆ ಮೂರು ದಿನ ಅವನು ಫೋನು ಎತ್ತಲಿಲ್ಲ.

ಶನಿವಾರ ಮಧ್ಯಾಹ್ನ ಕಸ್ತೂರಿ ಅವನ ಕೋಣೆಯ ಬಾಗಿಲು ತಳ್ಳಿದಳು. ಚಾಪೆಯ ಮೇಲೆ ಚಹಾದ ಲೋಟ, ಅದರಲ್ಲಿ ಕೆನೆಗಟ್ಟಿದ ಚಹಾ. ಟಿವಿ ಹತ್ತಿತ್ತು. ಊರಿನ ರಾಗ ಸುತ್ತುತ್ತಿತ್ತು. ಪರದೆಯ ಮೇಲೆ ಪುಟ್ಟ ಊರು, ಪುಟ್ಟ ಬಾವಿ, ಬಾವಿಯ ಪಕ್ಕ ನೀಲಿ ಚೌಕಳಿ ಲುಂಗಿಯ ಪುಟ್ಟ ಮನುಷ್ಯ. ಅವನು ನಿಂತಲ್ಲೇ ಎಡಗಾಲು ಎತ್ತುತ್ತಿದ್ದ, ಬಲಗಾಲು ಎತ್ತುತ್ತಿದ್ದ, ಮತ್ತೆ ಎಡಗಾಲು, ಮತ್ತೆ ಬಲಗಾಲು. ಕಸ್ತೂರಿ ಪರದೆಯ ಹತ್ತಿರ ಬಗ್ಗಿ ನೋಡಿದಳು. ಆ ಲುಂಗಿಯನ್ನು ದೀಪಾವಳಿಗೆ ಅವಳೇ ಕೊಡಿಸಿದ್ದಳು.

ಅವಳು ಪರದೆಗೆ ಕೈ ಹಚ್ಚಿದಳು. ಗಾಜು ಇರಲಿಲ್ಲ. ಅವಳು ಒಳಗೆ ನಡೆದಳು.

ಊರಬಾಗಿಲ ಕಲ್ಲಿನ ಮೇಲೆ "ವೀರ: ಕಸ್ತೂರಿ" ಎಂದು ಕೆತ್ತಿತ್ತು. ಹನ್ನೊಂದನೆಯ ವಯಸ್ಸಿನಲ್ಲಿ, ಆಟ ಶುರುಮಾಡುವಾಗ, ಅವಳೇ ಬರೆದದ್ದು. ಕಲ್ಲಿನಲ್ಲಿ ಒಂದೇ ಹೆಸರಿಗೆ ಜಾಗ, ತಮ್ಮನ ಹೆಸರಿಗೆ ಜಾಗವಿರಲಿಲ್ಲ. ಬಾಗಿಲ ಬಳಿಯ ಛತ್ರದ ಮುದುಕಿ ಅವಳನ್ನು ನೋಡಿದ ಕೂಡಲೇ ನುಡಿದಳು: "ರಾಗವನ್ನು ಮೂರು ಸುತ್ತು ಕೇಳಿದವರು ಇಲ್ಲಿಯವರೇ ಆಗುತ್ತಾರೆ."

"ಅಜ್ಜಿ, ನನ್ನ ತಮ್ಮಗ ಏನಾಗೇತಿ?"

"ರಾಗವನ್ನು ಮೂರು ಸುತ್ತು ಕೇಳಿದವರು ಇಲ್ಲಿಯವರೇ ಆಗುತ್ತಾರೆ" ಎಂದಳು ಮುದುಕಿ, ಅದೇ ದನಿಯಲ್ಲಿ, ಅದೇ ನಗುವಿನಲ್ಲಿ. ಅವಳಿಗಿದ್ದದ್ದು ಅದೊಂದೇ ಮಾತು.

ಕಸ್ತೂರಿ ಓಡಿದಳು. ದಾರಿಯುದ್ದಕ್ಕೂ ಜನ ನಿಂತಲ್ಲೇ ಕಾಲೆತ್ತಿ ಇಳಿಸುತ್ತಿದ್ದರು. ಕುತ್ತಿಗೆಯಲ್ಲಿ ಬ್ಯಾಂಕಿನ ಗುರುತಿನ ಚೀಟಿ ತೂಗುಹಾಕಿದ್ದ ಗಂಡಸೊಬ್ಬ "ಉತ್ತರಕ್ಕೆ ಕಾಡಿದೆ" ಎಂದ. ಬಿಳಿ ಕೋಟಿನ ಡಾಕ್ಟರಮ್ಮ "ಇಂದು ಹವೆ ಚೆನ್ನಾಗಿದೆ" ಎಂದಳು. ಎಲ್ಲರೂ ನಡುವಯಸ್ಸಿನವರು, ಎಲ್ಲರೂ ಹಳೆಯ ರಾಗವನ್ನು ಒಂದೇ ಒಂದು ಸಲ ಕೇಳಿ ಹೋಗೋಣವೆಂದು ಬಂದವರು. ಅವರ ಕಣ್ಣುಗಳು ಮಾತ್ರ ಅವಳ ಹಿಂದೆಯೇ ಹೊರಳುತ್ತಿದ್ದವು.

ಎರಡನೆಯ ಸುತ್ತು ಆಗಲೇ ಅರ್ಧ ಕಳೆದಿತ್ತು. ಎಂಥ ರಾಗ ಅದು! ಬೇಸಿಗೆ ರಜೆ, ಮಂಡಕ್ಕಿ, ಚಾಪೆಯ ಅಚ್ಚು ಬಿದ್ದ ಮೊಣಕೈ, ಎಲ್ಲ ಅದರಲ್ಲಿತ್ತು. ಕಸ್ತೂರಿಯ ನಡಿಗೆ ತಾನಾಗಿಯೇ ನಿಧಾನವಾಯಿತು. ಇನ್ನೊಂದು ಸಲ ಕೇಳಿದರೆ ಏನು ಹೋಗುತ್ತದೆ ಅನ್ನಿಸಿತು. ಹಾಗೆ ಅನ್ನಿಸಿದ್ದೇ ಅವಳು ಬಾವಿಯ ಕಡೆ ಮತ್ತೆ ಓಡಿದಳು.

"ಈರೇಶಾ, ನಡಿ ಮನಿಗೆ."

"ಈ ಬಾವಿಯ ನೀರು ಬಹಳ ಸಿಹಿ, ಕುಡಿದು ಹೋಗಿ" ಎಂದ ಈರೇಶ, ಅಪರಿಚಿತರಿಗೆ ಹೇಳುವಂತೆ.

ಅವಳು ಅವನ ಕೈ ಹಿಡಿದು ಎಳೆದಳು. ಅವನು ಬಂದ. ಆ ರಾಜ್ಯದಲ್ಲಿ ವೀರನ ಸಂಗಡಿಗರು ಬರುವ ಹಾಗೆಯೇ ಬಂದ, ಸರಿಯಾಗಿ ಒಂದು ಹೆಜ್ಜೆ ಹಿಂದೆ, ಅವಳು ಕಾಲಿಟ್ಟಲ್ಲೇ ಕಾಲಿಡುತ್ತಾ. ಆದರೆ ಟಿವಿಯ ಕಡೆಯ ದಾರಿ ಮುಚ್ಚಿಹೋಗಿತ್ತು. ಕಲ್ಲಿನ ಮೇಲೆ ಹೆಸರಿಲ್ಲದವನಿಗೆ ಆ ಬಾಗಿಲು ತೆರೆಯುವುದಿಲ್ಲ. ತೆರೆಸಬಲ್ಲವನು ಕಾಡಿನಾಚೆಯ ಕೋಟೆಯ ಮಾಂತ್ರಿಕ ಸುರುಳಿಮುಖನೊಬ್ಬನೇ ಎಂಬುದು ಆಟ ಆಡಿದವಳಿಗೆ ನೆನಪಿತ್ತು. ಅವಳು ಉತ್ತರಕ್ಕೆ ತಿರುಗಿದಳು.

ಯಾರದೋ ಮನೆಗೆ ನುಗ್ಗಿ, ಪೆಟ್ಟಿಗೆ ತೆರೆದು, ಮರದ ಕತ್ತಿಯೊಂದನ್ನು ತೆಗೆದುಕೊಂಡಳು. ಮನೆಯವರು ನಗುತ್ತಾ ನೋಡಿದರು.

ಕಾಡಿನಲ್ಲಿ ಕಾಡಿನ ರಾಗ ಶುರುವಾಯಿತು. ಏಳನೆಯ ಹೆಜ್ಜೆಗೆ ಮೂರು ಬಾಲದ ತೋಳ ಎದುರಿಗೆ ನಿಂತಿತು. ಚಿಕ್ಕಂದಿನಲ್ಲಿ ಪರದೆಯ ಮೇಲೆ ಅಂಗೈಯಗಲ ಇದ್ದ ತೋಳ, ಈಗ ಎತ್ತಿನಷ್ಟಿತ್ತು. ಜೊಲ್ಲು ಅವಳ ಪಾದದ ಮೇಲೆ ಬಿತ್ತು. ಅವಳು ಹೊಡೆದಳು. ತೋಳ ತನ್ನ ಪಾಳಿಯಲ್ಲಿ ಅವಳ ಎಡತೋಳನ್ನು ಕಚ್ಚಿ ಬಿಟ್ಟಿತು, ಬಿಟ್ಟು ವಿನಯದಿಂದ ಕಾಯುತ್ತಾ ನಿಂತಿತು. ರಾಗ ಎರಡನೆಯ ಸುತ್ತಿಗೆ ಹೊರಳಿತು. ಚಿಕ್ಕಂದಿನಲ್ಲಿ ಕಸ್ತೂರಿ ಒಂದು ಸಲವೂ ಓಡಿಹೋದವಳಲ್ಲ. ಓಡುವುದು ಹೇಡಿಗಳ ಕೆಲಸ ಎಂದು ತಮ್ಮನಿಗೆ ಬೈಯುತ್ತಿದ್ದಳು. ಈಗ ತಮ್ಮನ ಕೈ ಹಿಡಿದು ಬಿದ್ದಂಬೀಳ ಓಡಿದಳು. ಮೂರನೆಯ ಸುತ್ತು ಆರಂಭವಾಗುವ ಮೊದಲೇ ಕಾಡು ಮುಗಿಯಿತು.

ಕೋಟೆಯ ಬಾಗಿಲು ತೆರೆದೇ ಇತ್ತು. ಒಳಗೆ ಕಲ್ಲಿನ ಪೀಠದ ಮೇಲೆ ಸುರುಳಿಮುಖ ಕೂತಿದ್ದ. ಅವನಿಗೆ ಕಣ್ಣು, ಮೂಗು, ಬಾಯಿ ಇರಲಿಲ್ಲ. ಭುಜದ ಮೇಲೆ ಕರಿ ಸುರುಳಿಯೊಂದು ತಿರುಗುತ್ತಿತ್ತು, ದನಿ ಅದರೊಳಗಿಂದ ಬರುತ್ತಿತ್ತು. ಬಹಳ ಪ್ರೀತಿಯ ದನಿ.

"ಬಂದೆಯಾ ಕಸ್ತೂರಿ. ನಿನ್ನ ಪಾಳಿ ಬಂದು ಮೂವತ್ತು ವರ್ಷವಾಯಿತು. ನಾನು ಕಾಯುತ್ತಲೇ ಇದ್ದೇನೆ."

ಹೌದು, ಕೊನೆಯ ಸಲ ಆಟ ನಿಲ್ಲಿಸಿದ್ದು ಇಲ್ಲೇ. ಕೋಟೆಯ ರಾಗ ಮೊದಲ ಸುತ್ತಿನಲ್ಲಿತ್ತು. ಅವಳು ಕತ್ತಿ ಬೀಸಿದಳು. ಕತ್ತಿ ಸುರುಳಿಯ ಜೊತೆ ಒಂದು ಸುತ್ತು ತಿರುಗಿ ಅವಳ ಕೈಗೇ ವಾಪಸು ಬಂತು.

"ಈಗ ನನ್ನ ಪಾಳಿ" ಎಂದ ಸುರುಳಿಮುಖ. ಅವನು ಹೊಡೆಯಲಿಲ್ಲ. ಗೋಡೆಯ ಕಡೆ ಬೆರಳು ತೋರಿಸಿದ. ಅಲ್ಲಿ ಅವರ ಹಳೆಯ ಮನೆಯ ಪಡಸಾಲೆ ಮೂಡಿತು. ಚಾಪೆ, ಮಂಡಕ್ಕಿಯ ಬುಟ್ಟಿ, ಅಡುಗೆಮನೆಯಲ್ಲಿ ಅವ್ವನ ಬಳೆ ಸದ್ದು. "ಒಳಗೆ ಹೋಗು. ಇಲ್ಲಿ ಯಾರೂ ಮುದುಕರಾಗುವುದಿಲ್ಲ. ಅವ್ವ ಸಾಯುವುದಿಲ್ಲ. ರಜೆ ಮುಗಿಯುವುದಿಲ್ಲ."

ಕಸ್ತೂರಿಗೆ ಹೋಗಬೇಕೆನ್ನಿಸಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಅವಳಿಗೆ ನಿಜಕ್ಕೂ ಹೋಗಬೇಕೆನ್ನಿಸಿತು. ಎರಡನೆಯ ಸುತ್ತು ಮುಗಿಯುತ್ತಿತ್ತು. ಅವಳ ಎಡಗಾಲು ತಾನಾಗಿ ಎದ್ದಿತು. ಬಲಗಾಲು ತಾನಾಗಿ ಎದ್ದಿತು. ಅವಳ ಬಾಯಿ ಅವಳನ್ನು ಕೇಳದೆಯೇ ಹೇಳಿತು: "ಈ ಕೋಟೆ ಬಹಳ ಹಳೆಯದು."

ತನ್ನ ದನಿ ಕೇಳಿ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಮೂರನೆಯ ಸುತ್ತು ಶುರುವಾಯಿತು.

"ನಿನ್ನ ಪಾಳಿ" ಎಂದ ಸುರುಳಿಮುಖ. "ನಿಧಾನವಾಗಿ ಯೋಚಿಸು."

ಹೊಡೆದರೆ ಫಲವಿಲ್ಲ. ಓಡಿದರೆ ತಮ್ಮ ಇಲ್ಲೇ ಉಳಿಯುತ್ತಾನೆ. ಸುಮ್ಮನೆ ನಿಂತರೆ ಇಬ್ಬರೂ ಉಳಿಯುತ್ತಾರೆ. ಅವಳು ಹಿಂದೆ ತಿರುಗಿ ನೋಡಿದಳು. ಒಂದು ಹೆಜ್ಜೆ ಹಿಂದೆ ಈರೇಶ ಕಾಲೆತ್ತಿ ಇಳಿಸುತ್ತಿದ್ದ. ಎರಡು ರಜೆ ಪೂರಾ ಅವನು ಹೀಗೇ ಹಿಂದೆ ಕೂತಿದ್ದ. ಗುಂಡಿಗಳಿದ್ದ ಆಟದ ಹಿಡಿ ಯಾವಾಗಲೂ ಅವಳ ಕೈಯಲ್ಲಿ. ಸಣ್ಣವನು, ಕೆಡಿಸುತ್ತಾನೆ ಎಂದು ಅವಳು ಒಂದು ದಿನವೂ ಕೊಟ್ಟಿರಲಿಲ್ಲ.

"ಈರೇಶಾ, ನನ್ನ ಪಾಳಿ ನಿನಗ ಕೊಟ್ಟೇನಿ. ತಗೋ" ಎಂದಳು.

ಸುರುಳಿ ಒಂದು ಕ್ಷಣ ತಡವರಿಸಿತು. "ಅಂಥ ಪದ್ಧತಿ ಇಲ್ಲ."

"ಪಾಳಿ ನಂದು. ನಂದನ್ನ ಯಾರಿಗಾದ್ರೂ ಕೊಡ್ತೀನಿ. ನೀ ಸುಮ್ಮನ ಕಾಯಿ" ಎಂದಳು ಕಸ್ತೂರಿ. ಅವನು ಕಾಯಲೇಬೇಕಾಯಿತು. ಕಾಯುವುದೇ ಅವನ ಪದ್ಧತಿ.

ಅವಳು ಕತ್ತಿಯನ್ನು ತಮ್ಮನ ಕೈಗಿಟ್ಟಳು. ಅವನು ಅದನ್ನು ಕೆಳಗೆ ಬೀಳಿಸಿದ. "ಈ ಬಾವಿಯ ನೀರು..." ಎಂದ, ಅಲ್ಲಿಗೆ ನಿಂತ. ರಾಗ ಕೊನೆಯ ತಿರುವಿಗೆ ಬರುತ್ತಿತ್ತು. ಕಸ್ತೂರಿ ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಈರೇಶ ಬಾಯಿ ತೆರೆದು ಹಾಡಿದ. ಸ್ವಲ್ಪ ಅಪಸ್ವರದಲ್ಲಿ, ರಾಗದ ಜೊತೆಜೊತೆಗೇ ಹಾಡಿದ. ರಾಗ ಮೊದಲಿಗೆ ತಿರುಗುವ ಜಾಗಕ್ಕೆ ಬಂತು. ಅವನು ತಿರುಗಲಿಲ್ಲ. ಮೆಟ್ಟಿಲು ಇಳಿದಂತೆ ಒಂದೊಂದೇ ಸ್ವರ ಕೆಳಗಿಳಿದು, ತಳ ಮುಟ್ಟಿ, "ಢಂ" ಎಂದು ನಿಲ್ಲಿಸಿದ.

ಯಂತ್ರಕ್ಕೆ ಗೊತ್ತಿಲ್ಲದ ಕೊನೆ ಅದು. ಆ ಬೇಸಿಗೆಗಳಲ್ಲಿ ಕರೆಂಟು ಹೋಗಿ ಆಟ ಅರ್ಧಕ್ಕೆ ನಿಂತಾಗ ಕಸ್ತೂರಿ ಸಿಟ್ಟಿಗೆ ಅಳುತ್ತಿದ್ದಳು. ಆಗ ಪುಟ್ಟ ಈರೇಶ ಉಳಿದ ರಾಗವನ್ನು ಬಾಯಲ್ಲೇ ಹಾಡಿ, ಉಸಿರು ಮುಗಿದಲ್ಲಿ "ಢಂ" ಎಂದು ಮುಗಿಸಿ, ಅಕ್ಕನನ್ನು ನಗಿಸುತ್ತಿದ್ದ. ಅವಳು ಅದನ್ನು ಪೂರಾ ಮರೆತಿದ್ದಳು.

ರಾಗ ನಿಂತಿತು. ಆ ರಾಜ್ಯ ಹುಟ್ಟಿದಂದಿನಿಂದ ಮೊದಲ ಸಲ ಎಲ್ಲೆಲ್ಲೂ ನಿಶ್ಶಬ್ದ. ಸುರುಳಿಮುಖ "ಮತ್ತೆ, ಮತ್ತೆ" ಎಂದು ಬೇಡಿಕೊಂಡ. ಸುರುಳಿ ಬಿಚ್ಚುತ್ತಾ ಬಿಚ್ಚುತ್ತಾ ನೆಲದ ಮೇಲೆ ಕರಿ ಪಟ್ಟಿಯಾಗಿ ಬಿತ್ತು. ಅದರೊಳಗೆ ಯಾರೂ ಇರಲಿಲ್ಲ.

"ಅಕ್ಕಾ" ಎಂದ ಈರೇಶ. "ತೋಳಿಗೆ ರಕ್ತ ಬಂದೇತಲ್ಲ."

ಕಸ್ತೂರಿ ಅಲ್ಲೇ ಕುಸಿದು ಕೂತು ಅತ್ತಳು. ಅವನು ಲುಂಗಿಯ ಅಂಚು ಹರಿದು ಅವಳ ತೋಳಿಗೆ ಕಟ್ಟಿದ.

ಊರಿನಲ್ಲಿ ಬ್ಯಾಂಕಿನವನು, ಡಾಕ್ಟರಮ್ಮ, ಹೊರಗಿನಿಂದ ಬಂದಿದ್ದ ಉಳಿದವರೆಲ್ಲ ಕಣ್ಣುಜ್ಜಿಕೊಂಡು ತಂತಮ್ಮ ಟಿವಿಗಳ ಕಡೆ ಓಡಿದರು. ಛತ್ರದ ಮುದುಕಿ ಅಕ್ಕತಮ್ಮಂದಿರನ್ನು ತಡೆದು ನಿಲ್ಲಿಸಿ, ಬಾಯಿ ತೆರೆದು, ಮುಚ್ಚಿ, ಬಹಳ ಕಷ್ಟಪಟ್ಟು ತನ್ನ ಜನ್ಮದ ಎರಡನೆಯ ಮಾತನ್ನು ಆಡಿದಳು: "ಊಟ ಆಯಿತಾ?"

ಆಯಿತೆಂದು ಸುಳ್ಳು ಹೇಳಿ, ಈಗ ತೆರೆದುಕೊಂಡಿದ್ದ ಟಿವಿಯ ದಾರಿಯಲ್ಲಿ ಅವರು ಹೊರಟರು. ಈಗ ಈರೇಶ ಮುಂದೆ, ಕಸ್ತೂರಿ ಹಿಂದೆ. ದಾರಿಯಲ್ಲಿ ಅವಳು ಊರಿನ ರಾಗವನ್ನು ಗುನುಗಲು ನೋಡಿದಳು. ಒಂದು ಸ್ವರವೂ ನೆನಪಾಗಲಿಲ್ಲ. ಅವನಿಗೂ ಆಗಲಿಲ್ಲ. ಇಬ್ಬರಿಗೂ ದುಃಖವಾಯಿತು, ಆದರೂ ನಡೆದರು.

ಅಲ್ಲಿಯವರು ಈಗ ದಿನವಿಡೀ ಮಾತಾಡುತ್ತಾರೆ, ಜಗಳವಾಡುತ್ತಾರೆ, ರಾಜಿಯಾಗುತ್ತಾರೆ, ಕೇಳದೆ ಪೆಟ್ಟಿಗೆ ತೆರೆದವರಿಗೆ ಬೈಯುತ್ತಾರೆ. ಇಲ್ಲಿಯವರು ಇಲ್ಲಿ ಸುಖವಾಗಿದ್ದಾರೆ. ಭಾನುವಾರಗಳಂದು ಈರೇಶ ಅಕ್ಕನ ಮನೆಗೆ ಊಟಕ್ಕೆ ಬರುತ್ತಾನೆ. ಅವನು ಮಾತಾಡುತ್ತಾನೆ, ಕಸ್ತೂರಿ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳುತ್ತಾಳೆ.