ಅರ್ಧ ಪಾಸ್‌ವರ್ಡ್

ಫಾರಂ ಮುಂದಿತ್ತು, ಪೆನ್ನು ಕೈಯಲ್ಲಿತ್ತು. ಸಹಿ ಹಾಕಲು ಮಾತ್ರ ಚಂದ್ರಾಮನಿಗೆ ಆಗಲೇ ಇಲ್ಲ.

ಬೇಗಂಪೇಟೆಯ ಆ ಬ್ಯಾಂಕಿನ ಕಚೇರಿಯಲ್ಲಿ ಮುಖ್ಯ ಸರ್ವರ್‌ನ ಪಾಸ್‌ವರ್ಡ್ ಪೂರ್ತಿಯಾಗಿ ಯಾರೊಬ್ಬರಿಗೂ ಗೊತ್ತಿರಬಾರದು. ಮೊದಲ ಎಂಟು ಅಕ್ಷರ ವನಜಾಳದು, ಕೊನೆಯ ಎಂಟು ಚಂದ್ರಾಮನದು. ಮೂರು ತಿಂಗಳಿಗೊಮ್ಮೆ ಇಬ್ಬರೂ ಸರ್ವರ್ ಕೋಣೆಗೆ ಹೋಗಿ ಅದನ್ನು ಬದಲಿಸಬೇಕು. ಒಬ್ಬರು ಟೈಪ್ ಮಾಡುವಾಗ ಇನ್ನೊಬ್ಬರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಹೀಗೆ ಎರಡು ವರ್ಷ ಗೋಡೆ ನೋಡುತ್ತಲೇ ಈ ಪುಣ್ಯಾತ್ಮ ಅವಳಿಗೆ ಮನಸೋತಿದ್ದ. ಬೆನ್ನ ಹಿಂದೆ ಅವಳ ಬಳೆಯ ಸದ್ದು, ಅಕ್ಷರ ತಪ್ಪಿದರೆ 'ಅಯ್ಯ ಶಿವನೇ' ಎಂಬ ಪಿಸುಮಾತು. ಕಚೇರಿಯಿಡೀ ತೆಲುಗು, ಹಿಂದಿ. ಆ ಹತ್ತು ನಿಮಿಷ ಮಾತ್ರ ಕನ್ನಡ.

ಪ್ರತಿ ಸಲವೂ ಇಬ್ಬರೂ ಒಂದು ಫಾರಂಗೆ ಸಹಿ ಹಾಕಬೇಕಿತ್ತು: 'ಜೊತೆಗಾರರೊಂದಿಗೆ ನನಗೆ ಯಾವುದೇ ಖಾಸಗಿ ಸಂಬಂಧವಿಲ್ಲ.' ಇದ್ದರೆ ಎರಡು ಅರ್ಧಗಳು ಒಂದಾಗಿಬಿಡಬಹುದೆಂದು ಒಬ್ಬರು ಆ ಕೆಲಸ ಬಿಡಬೇಕು.

"ಲಗೂ ಹಾಕ್ರಿ, ಆಡಿಟ್‌ನೋರು ಕಾಯಾಕತ್ತಾರ," ಎಂದಳು ವನಜಾ.

"ಆಗವಲ್ದುರಿ."

"ಪೆನ್ ನಡೀವಲ್ದೇನು?" ಅವಳು ತನ್ನದನ್ನು ಚಾಚಿದಳು.

"ಪೆನ್ ಛಲೋ ಐತಿ. ಬರದದ್ದು ಸುಳ್ಳೈತಿ."

ವನಜಾ ಅವನನ್ನೇ ನೋಡಿದಳು. ತುಟಿಯಂಚಿಗೆ ಬಂದಿದ್ದ ನಗು ಅಲ್ಲೇ ನಿಂತಿತು. ಅವನ ಕಿವಿ ಕೆಂಪಾಯಿತು.

"ನಿಮ್ಮ ಕಡಿಂದ ಏನಿಲ್ರಿ, ನನಗ ಗೊತ್ತೈತಿ. ನನ್ನ ಕಡಿಂದ ಅಷ್ಟ. ಒಂದ ಕಡಿಂದ ಇದ್ರ ನಿಯಮಕ್ಕ ಬರ್ತೈತೋ ಇಲ್ಲೋ, ಹನುಮಂತರಾಯ ಸಾಹೇಬ್ರನ್ನ ಕೇಳಬೇಕು."

"ನಾ ಮುಂಜಾನೇನ ಸಹಿ ಹಾಕಿ ಕೊಟ್ಟೀನಿ."

ಅವನು ಪೆನ್ನನ್ನು ಫಾರಂ ಮೇಲೆ ಇಟ್ಟುಬಿಟ್ಟ.

"ಹೋದ ಸಲಾನೂ ಹಾಕೀನಿ, ಅದರ ಹಿಂದಿನ ಸಲಾನೂ. ಮೂರೂ ಸುಳ್ಳ. ಹಾಕದಿದ್ರ ನಿಮ್ಮ ಜೋಡಿ ಈ ಸರ್ವರ್ ಕೋಣ್ಯಾಗ ಬಿಡಂಗಿಲ್ಲಲ್ರಿ." ಚಾಚಿದ್ದ ಪೆನ್ನನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. "ನಿಮಗ ಸುಮ್ನಿರಾಕ ಆಗಲಿಲ್ಲ ನೋಡ್ರಿ."

ಖುಷಿಪಡಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ ಅವನು ಸಹಿಯಿಲ್ಲದ ಫಾರಂ ಹಿಡಿದು ಸಾಹೇಬರ ಕೋಣೆಗೆ ನಡೆದ, ಅವಳೂ ಹಿಂದೆ ಬಂದಳು.

ವಿಭಾಗದ ಮುಖ್ಯಸ್ಥರಾದ ಹನುಮಂತರಾಯರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಖಾಲಿ ಫಾರಂ ನೋಡಿದರು, ಇಬ್ಬರ ಮುಖ ನೋಡಿದರು, ಸೋಮವಾರದಿಂದ ಚಂದ್ರಾಮ ನಾಂಪಲ್ಲಿ ಶಾಖೆಗೆ ಎಂದು ಬರೆದರು. ಸಂಜೆಯೊಳಗೆ ಅವನ ಅಡ್ಮಿನ್ ಅಕೌಂಟ್ ಮುಚ್ಚಬೇಕು. ಆ ಕೆಲಸ ವನಜಾಳದೇ.

"ಒತ್ರಿ," ಎಂದ ಅವನು, ಅವಳ ಕುರ್ಚಿಯ ಪಕ್ಕ ನಿಂತು.

"ನೀವು ಹೊರಗ ಹೋಗ್ರಿ. ನೀವಿದ್ರ ನನಗ ಆಗೂದಿಲ್ಲ."

ಅವನು ಹೋಗಲಿಲ್ಲ. ಅವಳು ತಡೆಯಲೂ ಆಗದೆ, ತಳ್ಳಲೂ ಆಗದೆ ಕಣ್ಣು ಮುಚ್ಚಿ ಮೌಸ್ ಒತ್ತಿದಳು. ಪರದೆಯ ಮೇಲೆ ಅವನ ಹೆಸರು ಮಾಸಿಹೋಯಿತು. ಅವಳ ಕೆನ್ನೆಯ ಮೇಲೆ ನೀರಿಳಿಯಿತು, ಅವನು ಕರ್ಚೀಫಿಗಾಗಿ ಜೇಬೆಲ್ಲ ತಡಕಾಡಿದ.

"ನನ್ನ ಕೈಲಾದದ್ದೆಲ್ಲಾ ಮುಗೀತು," ಎಂದಳು ಸೆರಗಿನಲ್ಲಿ ಮುಖ ಒರೆಸಿಕೊಂಡು. "ರವಿವಾರ ನಿಮ್ಮ ತಾಯೇರನ್ನ ಕರಕೊಂಡು ದಿಲ್‌ಸುಖ್‌ನಗರಕ್ಕ ನಮ್ಮ ಮನೀಗೆ ಬರ್ರಿ. ನಾನ ಕರದೀನಿ ಅಂತ ಮಾತ್ರ ಹೇಳಬ್ಯಾಡ್ರಿ."