ಪರದೆಯ ಹಿಂದೆ

"ಇಲ್ಲಿ ಬೇಡ... ಪರದೆ ಹಿಂದೆ ಹೋಗಿ ಗುರುತು ಹಾಕಿ."

ಆ ದನಿ! ವೀಬ್ಕೆ ಮತಪತ್ರದಿಂದ ತಲೆ ಎತ್ತಿದಳು. ಮೇಜಿನಾಚೆ ಮತಗಟ್ಟೆ ಸಿಬ್ಬಂದಿಯಾಗಿ ಡೆಟ್ಲೆಫ್ ಕುಳಿತಿದ್ದ. ಮದುವೆಯ ಮಾತು ಕೊಟ್ಟು, ಎಂಟು ವರ್ಷಗಳ ಹಿಂದೆ ಮಾಯವಾದವನು. ಈಗ ಕೆನ್ನೆ ಬತ್ತಿದೆ, ಎಡಗೈಯ ಬೆರಳು ಮಡಚುತ್ತಿಲ್ಲ.

ಯುದ್ಧ ಮುಗಿದ ಮೇಲೆ ಹ್ಯಾಂಬರ್ಗ್‌ನಲ್ಲಿ ಇದೇ ಮೊದಲ ಚುನಾವಣೆ. ಅರ್ಧ ಸುಟ್ಟ ಶಾಲೆಯೇ ಮತಗಟ್ಟೆ.

"ಪರದೆ ಬೇಡ. ಎಲ್ಲರೆದುರೇ ಹಾಕ್ತೀನಿ."

"ಬೇಗ ಮಗಳೇ!" ಹಿಂದೆ ಸಾಲಿನಲ್ಲಿ ನಿಂತ ಅಜ್ಜಿಯೊಬ್ಬಳು ಗೊಣಗಿದಳು. "ಚಳಿಗೆ ಕಲ್ಲಿದ್ದಲು ಕೊಡೋರಿಗೆ ಹಾಕಿ ಬಾ, ಅಷ್ಟೇ!"

ವೀಬ್ಕೆಗೆ ನಗು ಬರಲಿಲ್ಲ. ನಾಜಿಗಳ ಕಾಲದಲ್ಲಿ ಗುಟ್ಟಾಗಿ ಮತ ಹಾಕಲು ಪರದೆಯ ಹಿಂದೆ ಹೋದವನು ವೈರಿಯೆಂದೇ ಲೆಕ್ಕ. ಆದರೂ ಎಂಟು ವರ್ಷಗಳ ಹಿಂದಿನ ಮತದಾನದಲ್ಲಿ ಅಪ್ಪ ಹೋಗಿದ್ದರು. ಬಾಗಿಲಲ್ಲಿ ಡೆಟ್ಲೆಫ್ ಕಂದು ಅಂಗಿಯ ನಾಜಿ ಪಡೆಯವರ ಕಿವಿಯಲ್ಲಿ ಏನೋ ಹೇಳಿದ್ದನ್ನು ಅವಳೇ ಕಂಡಿದ್ದಳು. ಅಪ್ಪನನ್ನು ಎಳೆದೊಯ್ದು ಸಂಜೆಗೆ ಬಿಟ್ಟರು. ಡೆಟ್ಲೆಫ್ ಮತ್ತೆ ಕಾಣಲೇ ಇಲ್ಲ.

ನಾಜಿಗಳು ಹೋದರೂ ಹಳೆಯ ಭಯ ಹೋಗಿರಲಿಲ್ಲ. 'ದೇವರೇ... ಇವನಿಂದ ನಾನೂ ಸಿಕ್ಕಿಬೀಳುತ್ತೇನಾ?'

"ಅಪ್ಪನ್ನ ಹಿಡಿದುಕೊಟ್ಟೆ," ಪಿಸುಗುಟ್ಟಿದಳು. "ಈಗ ನನ್ನ ಸರದಿಯಾ?"

ಅವನ ಮುಖ ಬಿಳಿಚಿತು. "ನಾನಾ? 'ಮುದುಕನಿಗೆ ಕಣ್ಣು ಕಾಣಲ್ಲ, ಪರದೆ ಒಳಗೆ ಕಳಿಸಿದ್ದು ನಾನೇ' ಅಂದೆ, ವೀಬ್ಕೆ. ಅವರನ್ನ ಬಿಟ್ಟು ನನ್ನನ್ನ ಸೆರೆಯಲ್ಲಿ ಇಟ್ಟುಕೊಂಡರು."

ವೀಬ್ಕೆಗೆ ಆಗ ಹೊಳೆಯಿತು.

ಅಂದು ಅಪ್ಪನನ್ನು "ನಡಿಯೋ ಕುರುಡ!" ಎಂದು ಹೊರದಬ್ಬಿದ್ದರು. ದೂರದ ಹಡಗುಗಳ ಹೆಸರನ್ನು ಕನ್ನಡಕವಿಲ್ಲದೆ ಓದುತ್ತಿದ್ದ ಅಪ್ಪ, 'ನನ್ನನ್ನ್ಯಾಕೆ ಕುರುಡ ಅಂದರು?' ಎಂದು ಸಾಯುವವರೆಗೂ ಕೇಳುತ್ತಿದ್ದರು!

"ಒಂದು ಸುದ್ದಿ ಕಳಿಸಬಾರದಿತ್ತಾ?"

"ಕಳಿಸಿದ್ದರೆ ನಿನ್ನ ಬಾಗಿಲು ಬಡೀತಿದ್ದರು. ಬಿಟ್ಟ ಮೇಲೆ ಓಡಿ ಬಂದೆ... ಬಾಂಬಿಗೆ ನಿಮ್ಮ ಬೀದಿಯೇ ಉಳಿದಿರಲಿಲ್ಲ."

ವೀಬ್ಕೆ ಮತಪತ್ರ ಹಿಡಿದು ಪರದೆ ಸರಿಸಿ ಒಳಹೊಕ್ಕಳು.

ಹೊರಗೆ ಬೂಟಿನ ಸದ್ದು! ಉಸಿರು ಬಿಗಿಹಿಡಿದಳು. ಸದ್ದು ಹತ್ತಿರ ಬಂತು... ಹತ್ತಿರ... ಹಾದು ಹೋಯಿತು.

ಯಾರೂ ಪರದೆ ಎಳೆಯಲಿಲ್ಲ.

"ಒಳಗೇ ನಿದ್ದೆ ಹೋದ್ಯೇನೇ?" ಅಜ್ಜಿಯ ಕೂಗು. ವೀಬ್ಕೆಗೆ ಅಳುವಿನ ನಡುವೆ ನಗು ಬಂತು. ಗುರುತು ಹಾಕಿ, ಹೊರಬಂದು, ಮತಪತ್ರವನ್ನು ಪೆಟ್ಟಿಗೆಗೆ ಹಾಕಿದಳು.

"ಯಾರಿಗೆ ಅಂತ ಕೇಳಲ್ಲ," ಎಂದ ಡೆಟ್ಲೆಫ್.

"ಕೇಳಿದರೂ ಹೇಳಲ್ಲ. ಅದು ಗುಟ್ಟು." ಅವನ ಮಡಚದ ಬೆರಳುಗಳನ್ನು ಎಲ್ಲರೆದುರೇ ಹಿಡಿದುಕೊಂಡಳು. "ಇದು ಗುಟ್ಟಲ್ಲ... ನಿನ್ನ ಕೆಲಸ ಮುಗಿಯೋವರೆಗೆ ಹೊರಗೆ ಕಾಯ್ತೀನಿ."

"ಚಳಿ ಇದೆ, ವೀಬ್ಕೆ."

"ಇರಲಿ. ಈ ಸಲ ನೀನು ಬರ್ತೀಯ ಅಂತ ಗೊತ್ತಲ್ಲ!"