ಬಸುರಿಗೆ ಹೇಳದ ತಪಾಸಣೆ

"ನನ್ನ ಫೈಲು ನಿನ್ನ ಹತ್ರ ಯಾಕಿದೆ?!"

ಆಸ್ಪತ್ರೆಯ ಹೃದ್ರೋಗ ವಿಭಾಗದ ಬಾಗಿಲಲ್ಲೇ ಅವಳು ಗಂಡನ ಅಂಗಿಯ ತೋಳು ಹಿಡಿದೆಳೆದಳು. ಕಳೆದುಹೋದ ವರದಿಗಳ ನಕಲು ಕೇಳಲು ಬಂದವಳಿಗೆ, ಎಂಟು ದಿನದಿಂದ ಮಾತು ಬಿಟ್ಟ ಮಹಾಶಯ ಸಿಕ್ಕಿಬಿದ್ದಿದ್ದ. ಕಂಕುಳಲ್ಲಿ ಅವಳದೇ ಫೈಲು!

ಹುಟ್ಟುವಾಗಲೇ ಅವಳ ಹೃದಯದಲ್ಲಿ ದೋಷವಿತ್ತು. ಎರಡು ವರ್ಷದವಳಿದ್ದಾಗ ಆಪರೇಷನ್ ಆಗಿ, ಅಂದಿನಿಂದ ಅದು ತಕರಾರಿಲ್ಲದೆ ಬಡಿದಿತ್ತು. ಈಗ ಎರಡು ತಿಂಗಳ ಬಸುರಿ. ಸುದ್ದಿ ಕೇಳಿದ ಅತ್ತೆ, "ತೇಪೆ ಹಾಕಿದ ಎದೆ, ಅದಕ್ಕೆ ಮಗು ಬೇರೆ ಕೇಡು!" ಎಂದು ಮೂಗು ಮುರಿದಿದ್ದರು. ತನ್ನ ಕನ್ನಡಕವನ್ನು ದಿನಕ್ಕೆ ಹತ್ತು ಸಲ ಹುಡುಕುವ ಆ ಮಹಾತಾಯಿಗೆ ಸೊಸೆಯ ಎದೆಯೊಳಗಿನದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು!

ಗಂಡನೋ, ಅಂದಿನಿಂದ ಬಾಯಿಗೆ ಬೀಗ. 'ನನ್ನನ್ನು ಬಿಡೋಕೆ ಕಾಗದ ಜೋಡಿಸ್ತಿದ್ದಾನೆ...' ಎಂದೇ ಅನಿಸಿತು, ಆ ಫೈಲು ಕಂಡಾಗ.

"ವಕೀಲರಿಗೆ ತೋರ್ಸಿದ್ದಾಯ್ತಾ?"

"ವಕೀಲರಾ? ಅಯ್ಯೋ... ಮೂರು ಡಾಕ್ಟರ್ ಹತ್ರ ಹೋಗಿದ್ದೆ ಕಣೇ. ನಿಂಗೇನಾದ್ರೂ ಆಗುತ್ತಾ ಅಂತ ಕೇಳೋಕೆ."

"ನಂಗೆ ಹೇಳೋಕೇನಾಗಿತ್ತು?"

"ತಪಾಸಣೆ ಮುಗಿಯೋವರೆಗೂ ಏನೂ ಹೇಳಬಾರ್ದು ಅಂತ..."

ಅವನು ಲಿಫ್ಟ್ ರಿಪೇರಿಯವನು. ತಂತಿ, ಬ್ರೇಕು ಎಲ್ಲ ನೋಡಿ ಮುಗಿಸುವವರೆಗೆ 'ದುರಸ್ತಿಯಲ್ಲಿದೆ' ಎಂಬ ಫಲಕ ತೂಗುಹಾಕಿ ಸುಮ್ಮನಿರುವುದು ಅವರ ಕಸುಬಿನ ನಿಯಮ. ಅದನ್ನೇ ತಂದು ಹೆಂಡತಿಗೂ ಹಚ್ಚಿದ್ದ ಪುಣ್ಯಾತ್ಮ! ಇಂಥ ಬುದ್ಧಿವಂತರಿಗೆ ಹೆಣ್ಣು ಕೊಡುವವರನ್ನು ಹಿಡಿದು ಬಾರಿಸಬೇಕು.

"ನಾನೇನು ಕೆಟ್ಟು ನಿಂತ ಲಿಫ್ಟಾ?!" ಅವಳ ಕಣ್ಣು ತುಂಬಿತು. "ಎದೆ ನಂದು, ಹೊಟ್ಟೆ ನಂದು. ಊರವರನ್ನೆಲ್ಲ ಕೇಳ್ದೆ, ನನ್ನೊಬ್ಬಳನ್ನ ಬಿಟ್ಟು!"

"ತಪ್ಪಾಯ್ತು..." ಅವನು ತಲೆ ತಗ್ಗಿಸಿದ.

ಅಂದೇ ಸ್ಕ್ಯಾನ್ ಆಯಿತು. ವೈದ್ಯೆ ಅವನತ್ತ ತಿರುಗಿಯೂ ನೋಡದೆ ಅವಳೊಂದಿಗೇ ಮಾತಾಡಿದರು.

"ಅಪಾಯವೇ ಇಲ್ಲ ಅನ್ನಲ್ಲಮ್ಮ. ಆದ್ರೆ ನಿಮ್ಮ ಹೃದಯ ಚೆನ್ನಾಗಿ ಕೆಲಸ ಮಾಡ್ತಿದೆ. ತಪ್ಪದೆ ತಿಂಗಳು ತಿಂಗಳು ಬನ್ನಿ, ಹೆರಿಗೆ ಡಾಕ್ಟರ್ ಜೊತೆ ನಾವೂ ನೋಡ್ಕೋತೀವಿ. ಮಗು ಬೇಕೋ ಬೇಡವೋ, ನೀವು ಹೇಳಿ."

"ಬೇಕು," ಎಂದಳು. ಸ್ವಲ್ಪವೂ ತಡವರಿಸಲಿಲ್ಲ.

ಹೊರಗೆ ಬಂದವನೇ ಫೈಲನ್ನು ಅವಳ ಕೈಗೆ ಕೊಟ್ಟ.

"ಅಮ್ಮಂಗೆ ನಾನೇ ಹೇಳ್ತೀನಿ, ಇನ್ನೊಂದು ಮಾತಾಡಿದ್ರೆ ಬೇರೆ ಮನೆ ಮಾಡ್ತೀವಿ ಅಂತ. ಆದ್ರೆ... ನೀನಿಲ್ಲದೆ ನಂಗೆ ಬದುಕೋಕೆ ಬರಲ್ಲ ಕಣೇ. ಭಯ ಆಗುತ್ತೆ."

ಎಂಥ ಹೇಡಿ! ಆದರೂ ಆ ಹೇಡಿಯೆಂದರೆ ಅವಳಿಗೆ ಪ್ರಾಣ.

"ನಂಗೂ ಭಯಾನೇ ಕಣೋ. ಒಬ್ನೇ ಹೆದರ್ಬೇಡ... ಬಾ, ಇಬ್ರೂ ಸೇರಿ ಹೆದರೋಣ."